ಎರಡನೆಯ ಕೈ ಸಿದ್ಧವಾಗಿದೆಯೇ?

ಬೀದರ ನಗರದ ಬಿದ್ರಿ ಹೂದಾನಿಯೊಂದು ಹಲವು ಕೈಗಳನ್ನು ದಾಟಿ ಅಂಗಡಿಗೆ ಬರುತ್ತದೆ. ಸುಮಾರು 16 ಭಾಗ ಸತುವಿಗೆ 1 ಭಾಗ ತಾಮ್ರ ಬೆರೆಸಿ ಎರಕ ಹೊಯ್ಯುವವರು ಒಬ್ಬರು. ಮೈಲುತುತ್ತದ ದ್ರಾವಣ ಸವರಿ, ಕಪ್ಪಾದ ಮೈಮೇಲೆ ನಕಾಶೆ ಬರೆದು ಉಳಿಯಿಂದ ಕೊರೆಯುವವರು ಮತ್ತೊಬ್ಬರು. ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸುವವರು, ಉಜ್ಜಿ ನಯಗೊಳಿಸುವವರು ಬೇರೆ. ಕಡೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಲೇಪಿಸಿದಾಗ ಲೋಹವು ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಆ ಮಣ್ಣು ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದನ್ನು ಅನುಭವಿ ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ಹೇಳುತ್ತಾರೆ.

ವ್ಯಾಪಾರಸ್ಥರೂ ಸಣ್ಣ ಉದ್ದಿಮೆದಾರರೂ ಗಮನಿಸಬೇಕಾದುದು ಈ ನಾಲಿಗೆಯ ವಿದ್ಯೆಯನ್ನು. ಕೆತ್ತನೆಯನ್ನು ಪಕ್ಕದಲ್ಲಿ ಕುಳಿತು ಕಲಿಯಬಹುದು. ಮಣ್ಣಿನ ರುಚಿಯನ್ನು ಉಸ್ತಾದರೇ ಶಿಷ್ಯನಿಗೆ ದಾಟಿಸದಿದ್ದರೆ ಅದು ಅವರೊಂದಿಗೇ ಮುಗಿಯುತ್ತದೆ. 2006ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯು ಬಿದ್ರಿಯ ಹೆಸರನ್ನು ಕಾಯುತ್ತದೆ, ಕೌಶಲವನ್ನಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರು ಈ ಕಲೆಯನ್ನು ಕಲಿತದ್ದು ತಮ್ಮ ತಂದೆಯವರಿಂದ. ಇಂದು ಕೂಲಿ ಸಾಲದೆಂದು ತರುಣರು ಕಸುಬು ಬಿಡುತ್ತಿದ್ದಾರೆ ಎಂಬ ಮಾತು ಸತ್ಯವೇ. ಆದರೆ ಕೊನೆಯ ಹಂತದ ಗುಟ್ಟನ್ನು ತನ್ನಲ್ಲೇ ಇಟ್ಟುಕೊಂಡ ಯಜಮಾನನ ಬಳಿ ತರುಣನು ಕೂಲಿಯಾಗಿಯೇ ಉಳಿಯುತ್ತಾನೆಂಬುದೂ ಅಷ್ಟೇ ಸತ್ಯ.

ನಾಯಕತ್ವವೆಂದರೆ ವೇದಿಕೆಯ ಭಾಷಣವೆಂದು ತಿಳಿದವರು ಬಹಳ. ನಾಲ್ಕು ಜನ ದುಡಿಯುವ ಅಂಗಡಿಯಲ್ಲಿ ಅದರ ಅರ್ಥ ಬೇರೆ: ಯಜಮಾನನ ನಿರ್ಣಯಶಕ್ತಿಯನ್ನು ಇನ್ನೊಬ್ಬರಲ್ಲಿ ಬೆಳೆಸುವುದು.

ಭಾಲ್ಕಿಯ ಧಾನ್ಯ ವ್ಯಾಪಾರವನ್ನೇ ನೋಡಬಹುದು. ಹೆಸರು, ಉದ್ದಿನ ಸುಗ್ಗಿಯಲ್ಲಿ ಮಾಲು ಒಮ್ಮೆಗೇ ಬರುತ್ತದೆ. ಯಜಮಾನರು ಉದಗೀರಿಗೋ ಹೈದರಾಬಾದಿಗೋ ಹೋದ ದಿನ ಮುನೀಮರು ಪ್ರತಿ ದರಕ್ಕೂ ಫೋನು ಮಾಡುತ್ತ ಕುಳಿತರೆ, ರೈತನು ಮುಂದಿನ ಅಂಗಡಿಗೆ ಹೋಗುತ್ತಾನೆ. ಹಾಗೆಂದು ಗಲ್ಲಾಪೆಟ್ಟಿಗೆಯ ಕೀಲಿಯನ್ನು ಏಕಾಏಕಿ ಕೈಗಿತ್ತು ಹೋಗುವುದೂ ವಿವೇಕವಲ್ಲ. ಮೊದಲ ಸುಗ್ಗಿಯಲ್ಲಿ ಕಾಳಿನ ತೇವಾಂಶ, ಕಸ, ಹುಳುಕುಗಳನ್ನು ಮುನೀಮರೇ ನೋಡಿ ದರ ಹೇಳಲಿ. ಯಜಮಾನರು ತಮ್ಮ ದರವನ್ನು ಆಮೇಲೆ ಹೇಳಿ, ವ್ಯತ್ಯಾಸವೇಕೆಂದು ವಿವರಿಸಲಿ. ಎರಡನೆಯ ಸುಗ್ಗಿಯಲ್ಲಿ ಕ್ವಿಂಟಲಿಗೆ ಇಷ್ಟು ರೂಪಾಯಿಯವರೆಗೆ, ದಿನಕ್ಕೆ ಇಷ್ಟು ಚೀಲದವರೆಗೆ ಕೇಳದೆಯೇ ಖರೀದಿಸಬಹುದೆಂಬ ಮಿತಿಯನ್ನು ಬರೆದು ಕೊಡಲಿ. ಆ ಮಿತಿಯೊಳಗೆ ನಷ್ಟವಾದರೆ ಅದನ್ನು ಕಲಿಕೆಯ ಖರ್ಚೆಂದು ಬರೆದುಕೊಳ್ಳಬೇಕು. ಗಿರಾಕಿಗಳೆದುರು ಗದರಿದರೆ ಮುನೀಮರು ಮರುದಿನದಿಂದ ಮತ್ತೆ ಫೋನು ಹಿಡಿಯುತ್ತಾರೆ. ಮಗನನ್ನು ಗಾದಿಯ ಮೇಲೆ ಕೂರಿಸುವ ಮುನ್ನ ತಕ್ಕಡಿಯ ಬಳಿ ನಿಲ್ಲಿಸುವುದೂ ಈ ಶಿಕ್ಷಣದ ಭಾಗವೇ.

ಔರಾದ ತಾಲ್ಲೂಕಿಗೆ ಬಂದರೆ ಇಂಥ ಅಭ್ಯಾಸವು ಅಂಗಡಿಗಳ ಹೊರಗೂ ಬೆಳೆದಿರುವುದು ಕಾಣುತ್ತದೆ. ಔರಾದ ಕ್ಷೇತ್ರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದ ದಿವಂಗತ ಗುರುಪಾದಪ್ಪ ನಾಗಮಾರಪಳ್ಳಿಯವರು ಬೀದರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಅಧ್ಯಕ್ಷರಾಗಿದ್ದ ಕಾಲದಲ್ಲಿ, ಜಿಲ್ಲೆಯ ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿನೊಂದಿಗೆ ಜೋಡಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸಭೆ ನಡೆಸುವುದು, ಉಳಿತಾಯದ ಲೆಕ್ಕವಿಡುವುದು, ಸಾಲ ಯಾರಿಗೆ ಮೊದಲು ಎಂದು ಚರ್ಚಿಸಿ ನಿರ್ಧರಿಸುವುದು ಅಲ್ಲಿ ವಾರವಾರದ ರೂಢಿ. ನಂಬಿಕೆಯ ಗುಮಾಸ್ತರು ಸಿಗುತ್ತಿಲ್ಲವೆಂದು ಕೊರಗುವ ವ್ಯಾಪಾರಸ್ಥರು, ಪಕ್ಕದ ಓಣಿಯ ಗುಂಪಿನಲ್ಲಿ ನಡವಳಿ ಪುಸ್ತಕ ಬರೆಯುತ್ತಿರುವ ಹೆಣ್ಣುಮಗಳನ್ನು ಒಮ್ಮೆ ವಿಚಾರಿಸಬಹುದು.