ಹಿಂಡಿಯ ಗುಣವೂ ಹಾಲಿನ ಕ್ಷೇಮವೂ

ಹಾಲಿಗೆ ನೀರು ಬೆರೆಸಿದರೆಂಬ ಸುದ್ದಿ ಹುಟ್ಟಿದರೆ ಪಟ್ಟಣವೆಲ್ಲವೂ ಕೂಗೆಬ್ಬಿಸುತ್ತದೆ. ಆ ಹಾಲನ್ನು ಕೊಟ್ಟ ಹಸು ಏನನ್ನು ತಿಂದಿತೆಂದು ವಿಚಾರಿಸುವವರು ವಿರಳ. ಈ ಎರಡನೆಯ ಪ್ರಶ್ನೆಯೇ ಹೆಚ್ಚು ಗುರುತರವಾದುದೆಂಬುದನ್ನು ವಾಚಕರ ಗಮನಕ್ಕೆ ತರಲಿಚ್ಛಿಸುತ್ತೇವೆ.

ಒಣಹುಲ್ಲು ಹೊಟ್ಟೆಯನ್ನು ತುಂಬಿಸೀತೇ ಹೊರತು ಕೆಚ್ಚಲನ್ನು ತುಂಬಿಸಲಾರದು. ಹೆಚ್ಚು ಕರೆಯುವ ಹಸುವಿಗೆ ಸಸಾರಜನಕ ಬೇಕು. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯಲ್ಲಿ ಅದು ನೂರಕ್ಕೆ ಸುಮಾರು 45 ಭಾಗದಷ್ಟಿರುವುದು; ಸಿಪ್ಪೆ ಸಹಿತವಾದ ಹತ್ತಿಕಾಳಿನ ಹಿಂಡಿಯಲ್ಲಿ ಅದರ ಅರ್ಧದಷ್ಟು. ಮನುಷ್ಯನ ಊಟಕ್ಕೆ ಒದಗದ ವಸ್ತು ಹಾಲಾಗಿ ಪರಿಣಮಿಸುವುದು ನಾಡಿಗೆ ದೊಡ್ಡ ಲಾಭವೇ ಸರಿ.

ಆದರೆ ಎಲ್ಲ ಹಿಂಡಿಯೂ ಎಲ್ಲ ಪ್ರಾಣಿಗಳಿಗೂ ಒಗ್ಗದು. ಹತ್ತಿಕಾಳಿನ ಗಾಸಿಪಾಲ್ ಎಂಬ ವಿಷವನ್ನು ಬೆಳೆದ ಹಸುವಿನ ಮೆಲುಕು ಹಾಕುವ ಹೊಟ್ಟೆಯು ಬಹುಮಟ್ಟಿಗೆ ಅಡಗಿಸುತ್ತದೆ. ಎಳೆಗರುವಿಗೂ ಕೋಳಿಗೂ ಆ ಶಕ್ತಿಯಿಲ್ಲ. ಹಸಿಯ ಸೋಯಾ ಅವರೆ ಕೋಳಿಗೆ ಜೀರ್ಣವಾಗದು; ಹದವಾಗಿ ಬಿಸಿಮಾಡಿದರೆ ಉತ್ತಮ ಆಹಾರ. ಹರಳು ಹಿಂಡಿ ಗೊಬ್ಬರಕ್ಕೆ ಸರಿ, ಗೋದಲಿಗೆ ಸಲ್ಲದು. ಇವೆಲ್ಲ ಕಾಳಿನ ಹುಟ್ಟುಗುಣಗಳು. ತಿಳಿದು ನಡೆದರೆ ಭಯವಿಲ್ಲ. ಬೂಷ್ಟಿನಿಂದ ಬರುವ ವಿಷದ ಸಂಗತಿಯೇ ಬೇರೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತುವು. ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಉಂಟುಮಾಡಿದ್ದ ವಿಷವೇ ಕಾರಣವೆಂದು ತಿಳಿಯಬಂದಿತು. ಅದೇ ಅಫ್ಲಟಾಕ್ಸಿನ್, ಯಕೃತ್ತನ್ನು ಕೆಡಿಸಿ ಕ್ಯಾನ್ಸರಿಗೂ ಕಾರಣವಾಗತಕ್ಕದ್ದು. ಹಸು ತಿಂದ ಈ ವಿಷದಲ್ಲಿ ನೂರಕ್ಕೆ ಒಂದೆರಡು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗದು. ಆಹಾರ ಸುರಕ್ಷತಾ ಪ್ರಾಧಿಕಾರದವರು 2018ರಲ್ಲಿ ದೇಶಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳ ಪೈಕಿ, ಆರೋಗ್ಯಕ್ಕೆ ಅಪಾಯಕರವಾದ ಕಲಬೆರಕೆ ಕಂಡುಬಂದುದು 12ರಲ್ಲಿ. ಈ ವಿಷ ಮಿತಿಮೀರಿದ್ದುದು 368ರಲ್ಲಿ. ನಮ್ಮ ಕೂಗೆಲ್ಲವೂ ಆ ಹನ್ನೆರಡರ ಮೇಲೆಯೇ ಇದೆ!

ದೋಷವನ್ನು ಹಸು ಸಾಕಿದವರ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. ಕಾಯಿ ಬಲಿಯುವ ಕಾಲಕ್ಕೆ ಮಳೆ ಕೈಕೊಟ್ಟು ಕೀಳುವ ಕಾಲಕ್ಕೆ ಸುರಿಯುವುದು ಚಿತ್ರದುರ್ಗ, ಪಾವಗಡದ ಸೀಮೆಯ ರೈತರಿಗೆ ಹೊಸತಲ್ಲ. ಬೂಷ್ಟು ಹೊಲದಲ್ಲಿಯೇ ಸೇರಿ, ತೇವದ ಗೋದಾಮಿನಲ್ಲಿ ಹಬ್ಬುತ್ತದೆ. ಮೂಟೆಯ ಒಂದು ಮೂಲೆಯಲ್ಲಿರುವ ವಿಷ ಇನ್ನೊಂದು ಮೂಲೆಯಲ್ಲಿ ಇಲ್ಲದಿರಬಹುದು. ಎರಡು ಹಸು ಕಟ್ಟಿಕೊಂಡು ಸಂಸಾರ ನಡೆಸುವ ಹೆಣ್ಣುಮಗಳು ಇದನ್ನು ಹೇಗೆ ಕಂಡುಹಿಡಿಯಬೇಕು? ಮಿಶ್ರ ಪಶು ಆಹಾರದಲ್ಲಿ ಈ ವಿಷವು ಕಿಲೋಗ್ರಾಮಿಗೆ 20 ಮೈಕ್ರೋಗ್ರಾಂ ಮೀರಕೂಡದೆಂದು ಭಾರತೀಯ ಮಾನಕ ಸಂಸ್ಥೆ ವಿಧಿಸಿದೆ. ಅಂಗಡಿಯಲ್ಲಿ ಬಿಡಿಯಾಗಿ ತೂಗಿಕೊಡುವ ಹಿಂಡಿಗೆ ಯಾರ ಮುದ್ರೆ, ಯಾರ ಸಾಕ್ಷಿ?

ಆದುದರಿಂದ ಪರೀಕ್ಷೆಯು ಎಣ್ಣೆ ಗಿರಣಿಯಲ್ಲಿಯೇ ನಡೆಯಲಿ. ಚೆನ್ನಾಗಿ ಒಣಗಿಸಿದ ಕಾಯಿಗೆ ರೈತನಿಗೆ ಹೆಚ್ಚು ಬೆಲೆ ದೊರೆಯಲಿ. ಹಾಲು ಸಂಘಗಳು ಹಿಂಡಿಯ ಮಾದರಿಯನ್ನು ಪರೀಕ್ಷಿಸಿಕೊಡಲಿ. ಬೂಷ್ಟು ಹಿಡಿದ ಹಿಂಡಿಯನ್ನು ಎಸೆದವರಿಗೆ ಆಗುವ ನಷ್ಟದಲ್ಲಿ ಸರ್ಕಾರದವರೂ ಪಾಲು ಹೊರಲಿ. ಕೆಟ್ಟ ಮೇವನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಇಷ್ಟು ಸುಲಭವಾಗಿ ನಿವಾರಿಸಬಹುದಾದ ಕೇಡನ್ನು ಮಕ್ಕಳ ಲೋಟದಲ್ಲಿ ಉಳಿಯಗೊಡುವುದು ಅಧಿಕಾರಿಗಳಿಗೂ ನಾಗರಿಕರಿಗೂ ಶೋಭಿಸದು.