ಕೆಲಸ ಕೊಡಲಾಗದಿದ್ದಲ್ಲಿ ನಿರುದ್ಯೋಗ ಭತ್ಯೆ: ನಮೂನೆ-6 ಹಾಗೂ ದಿನಾಂಕಸಹಿತ ರಸೀದಿ

2021ರಲ್ಲಿ ಕೋವಿಡ್-19ರ ಎರಡನೆಯ ಅಲೆಯಲ್ಲಿ ನಗರಗಳ ಕಟ್ಟಡ ಕೆಲಸ, ಹೋಟೆಲು, ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ಬಿಟ್ಟು ಅನೇಕ ಕುಟುಂಬಗಳು ಮತ್ತೆ ಊರು ಸೇರಿದವು. ಕೆಲಸ ಹೋಯಿತು, ಪಂಚಾಯತಿಯಿಂದ ಭತ್ಯೆ ಸಿಗುವುದೇ ಎಂಬ ಪ್ರಶ್ನೆಯನ್ನು ಸದಸ್ಯರು ಎದುರಿಸಬೇಕಾಯಿತು. 2020ರ ಡಿಸೆಂಬರ್ ಚುನಾವಣೆಯಲ್ಲಿ ಮೊದಲ ಬಾರಿಗೆ ಆಯ್ಕೆಯಾದವರಿಗೆ ಈ ವಿಷಯ ಹೊಸದಾಗಿದ್ದಿರಬಹುದು.

ನಗರದ ಕೆಲಸ ಕಳೆದುಕೊಂಡ ಕಾರಣಕ್ಕೆ ಪಂಚಾಯತಿಯಿಂದ ಭತ್ಯೆ ದೊರೆಯುವುದಿಲ್ಲ. ಇಎಸ್‌ಐ ವಿಮೆಗೆ ಒಳಪಟ್ಟಿದ್ದ ಕಾರ್ಮಿಕರಿಗೆ 2021ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ ಗರಿಷ್ಠ 90 ದಿನಗಳ ನೆರವು ಇತ್ತು. ಅದಕ್ಕೆ ಇಎಸ್‌ಐ ನಿಗಮಕ್ಕೇ ಅರ್ಜಿ ಸಲ್ಲಿಸಬೇಕಿತ್ತು. ಪಂಚಾಯತಿಗೆ ಸಂಬಂಧಿಸಿದ್ದು ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮ, 2005ರ 7ನೇ ಪ್ರಕರಣದ ನಿರುದ್ಯೋಗ ಭತ್ಯೆ. ಕೆಲಸ ಕೇಳಿದ 15 ದಿನಗಳೊಳಗೆ ಕೆಲಸ ನೀಡದಿದ್ದಲ್ಲಿ ಮಾತ್ರ ಈ ಹಕ್ಕು ಹುಟ್ಟುತ್ತದೆ. ಆದ್ದರಿಂದ ಭತ್ಯೆಯ ಹಾದಿ ಕೆಲಸದ ಅರ್ಜಿಯಿಂದಲೇ ಆರಂಭವಾಗಬೇಕು.

ಮರಳಿ ಬಂದ ಕುಟುಂಬಕ್ಕೆ ಉದ್ಯೋಗ ಚೀಟಿ ಇಲ್ಲದಿದ್ದಲ್ಲಿ ಮೊದಲು ನಮೂನೆ-1ರಲ್ಲಿ ನೋಂದಣಿಗೆ ಅರ್ಜಿ ಪಡೆದು, 15 ದಿನಗಳೊಳಗೆ ಚೀಟಿ ವಿತರಿಸಬೇಕು. ಅನಂತರ ನಮೂನೆ-6ರಲ್ಲಿ ಕೆಲಸ ಕೋರಿದ ಅರ್ಜಿಯನ್ನು ಗ್ರಾಮ ಪಂಚಾಯತಿಗಾಗಲಿ ಕಾರ್ಯಕ್ರಮ ಅಧಿಕಾರಿಯಾದ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗಾಗಲಿ ಸಲ್ಲಿಸಬಹುದು. ಅರ್ಜಿ ಪಡೆದವರು ದಿನಾಂಕ ನಮೂದಿಸಿದ ರಸೀದಿ ನೀಡುವುದು ಕಡ್ಡಾಯ.

ಹೆಚ್ಚಿನ ಕುಟುಂಬಗಳು ಹಕ್ಕು ಕಳೆದುಕೊಳ್ಳುವುದು ಈ ಹಂತದಲ್ಲೇ. ಕೂಲಿಕಾರರು ಕಚೇರಿಯ ಬಾಗಿಲಲ್ಲಿ ನಿಂತು ಕೆಲಸ ಕೇಳುತ್ತಾರೆ. "ಕಾಮಗಾರಿ ಶುರುವಾದಾಗ ಹೇಳಿ ಕಳಿಸುತ್ತೇವೆ" ಎಂಬ ಉತ್ತರ ದೊರೆಯುತ್ತದೆ. ಅರ್ಜಿ ಬರೆದುಕೊಂಡಿಲ್ಲ, ರಸೀದಿ ಕೊಟ್ಟಿಲ್ಲ. ಎರಡು ತಿಂಗಳ ನಂತರ ಪರಿಶೀಲಿಸಿದರೆ ಗಣಕಯಂತ್ರದಲ್ಲಿ ಆ ಗ್ರಾಮದಿಂದ ಕೆಲಸದ ಬೇಡಿಕೆಯೇ ಇರುವುದಿಲ್ಲ. ಬೇಡಿಕೆ ಇಲ್ಲದಲ್ಲಿ ವಿಳಂಬವೂ ಇಲ್ಲ, ಭತ್ಯೆಯೂ ಇಲ್ಲ. ಕೂಲಿಯ ವೆಚ್ಚವನ್ನು ಕೇಂದ್ರವು ಭರಿಸಿದರೆ ಭತ್ಯೆಯನ್ನು ರಾಜ್ಯ ಸರ್ಕಾರವೇ ಭರಿಸಬೇಕಾಗುತ್ತದೆ. ಈ ಹೊರೆಗೆ ಅಂಜಿ ಅರ್ಜಿಯನ್ನೇ ದಾಖಲಿಸದಿರುವುದು ಜಾಣತನವೆನಿಸಿದರೆ ಅದು ತಪ್ಪು ಲೆಕ್ಕ. ಅಧಿನಿಯಮವನ್ನು ಉಲ್ಲಂಘಿಸಿದವರಿಗೆ 25ನೇ ಪ್ರಕರಣದಡಿ 1,000 ರೂಪಾಯಿವರೆಗೆ ದಂಡ ವಿಧಿಸಬಹುದು.

ಸೋಂಕಿನ ಭಯದಿಂದ ಕಚೇರಿಯಲ್ಲಿ ಜನ ಸೇರುವುದು ಕಷ್ಟವಾದಾಗ ಸದಸ್ಯರ ಪಾತ್ರ ದೊಡ್ಡದು. ವಾರ್ಡ್ ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು ಹಾಗೂ ಸ್ವಸಹಾಯ ಸಂಘಗಳಿಗೆ ಅರ್ಜಿ ಸ್ವೀಕರಿಸುವ ಅಧಿಕಾರವನ್ನು ಗ್ರಾಮ ಪಂಚಾಯತಿಯು ನೀಡಬಹುದು. ಹಾಗೆ ಅಧಿಕಾರ ಪಡೆದ ಸದಸ್ಯರು ತಮ್ಮ ವಾರ್ಡಿನಲ್ಲೇ ಅರ್ಜಿ ಪಡೆದು, ಬರೆಯಲು ಬಾರದವರ ಪರವಾಗಿ ನಮೂನೆ ತುಂಬಿ, ಅಂದಿನ ದಿನಾಂಕದ ರಸೀದಿ ಕೊಡಬಹುದು.

ನಮೂನೆ ತುಂಬುವಾಗ ಕೆಲಸ ಬೇಕಾದ ಅವಧಿಯ ಕಲಂ ಮೇಲೆ ವಿಶೇಷ ಗಮನವಿರಲಿ. ಎರಡು ತಿಂಗಳು ಊರಿನಲ್ಲೇ ಉಳಿಯುವವರ ಅರ್ಜಿಯಲ್ಲಿ ಅಭ್ಯಾಸಬಲದಿಂದ 14 ದಿನವೆಂದು ಬರೆದುಬಿಡುವುದುಂಟು. ಕೋರಿದ ಅವಧಿ ಮುಗಿದ ಮೇಲೆ ಭತ್ಯೆಯ ಹೊಣೆಯೂ ಮುಗಿಯಬಹುದಾದ್ದರಿಂದ ಈ ಅಂಕಿಯೊಂದೇ ಕುಟುಂಬಕ್ಕೆ ನಷ್ಟ ತರುತ್ತದೆ.

ಮೊತ್ತದ ಲೆಕ್ಕ ಹೀಗಿದೆ. ಆರ್ಥಿಕ ವರ್ಷದ ಮೊದಲ 30 ದಿನಗಳಿಗೆ ಕೂಲಿ ದರದ ಕಾಲು ಭಾಗಕ್ಕೆ, ಉಳಿದ ಅವಧಿಗೆ ಅರ್ಧ ಭಾಗಕ್ಕೆ ಕಡಿಮೆಯಿಲ್ಲದಂತೆ ಭತ್ಯೆ ನೀಡಬೇಕು. 2021-22ನೇ ಸಾಲಿಗೆ ರಾಜ್ಯದ ಕೂಲಿ ದರ 289 ರೂಪಾಯಿ ಆಗಿತ್ತು. ಆ ದರದಂತೆ ದಿನಕ್ಕೆ ಮೊದಲು 72.25, ಅನಂತರ 144.50 ರೂಪಾಯಿ. ಏಪ್ರಿಲ್ 5ರಂದು ರಸೀದಿ ಪಡೆದ ಒಬ್ಬ ಕೂಲಿಕಾರರಿಗೆ ಏಪ್ರಿಲ್ 20ರವರೆಗೂ ಕೆಲಸ ದೊರೆಯದಿದ್ದರೆ 21ರಿಂದ ಭತ್ಯೆಯ ಎಣಿಕೆ ಆರಂಭವಾಗುತ್ತದೆ. ಕೋರಿದ ಅವಧಿಯೊಳಗೇ 40 ದಿನ ಕೆಲಸವಿಲ್ಲದೆ ಕಳೆದರೆ 2,167.50 ಮತ್ತು 1,445, ಒಟ್ಟು 3,612.50 ರೂಪಾಯಿ. ಅದೇ 40 ದಿನ ಕೆಲಸ ಕೊಟ್ಟಿದ್ದರೆ 11,560 ರೂಪಾಯಿ ಕೂಲಿ ಮನೆ ಸೇರುತ್ತಿತ್ತು. ಭತ್ಯೆಯು ಕೂಲಿಗೆ ಬದಲಿಯಲ್ಲ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಕುಟುಂಬಕ್ಕೆ ಆ ವರ್ಷ 100 ದಿನಗಳ ಕೆಲಸ ದೊರೆತಿದ್ದಲ್ಲಿ, ಅಥವಾ ಕೂಲಿ ಮತ್ತು ಭತ್ಯೆ ಸೇರಿ 100 ದಿನಗಳ ಕೂಲಿಗೆ ಸಮನಾದಲ್ಲಿ ಹಕ್ಕು ಕೊನೆಗೊಳ್ಳುತ್ತದೆ.

ಸಾಂಕ್ರಾಮಿಕ ರೋಗವಿದೆಯೆಂದು 15 ದಿನಗಳ ಎಣಿಕೆ ನಿಲ್ಲುವುದಾಗಿ 7ನೇ ಪ್ರಕರಣದಲ್ಲಿ ಹೇಳಿಲ್ಲ. 2020ರಲ್ಲಿ ಲಾಕ್‌ಡೌನ್ ಜಾರಿಯಲ್ಲಿದ್ದಾಗಲೂ ಏಪ್ರಿಲ್ 20ರಿಂದ ಅಂತರ ಮತ್ತು ಮುಖಗವಸಿನ ನಿಯಮದೊಂದಿಗೆ ಕಾಮಗಾರಿಗಳಿಗೆ ಅವಕಾಶ ದೊರೆತಿತ್ತು. ನೀರಾವರಿ ಹಾಗೂ ಜಲ ಸಂರಕ್ಷಣೆಗೆ ಆದ್ಯತೆ ಇತ್ತು. ಕೃಷಿ ಹೊಂಡ, ಬದುಗಳಂತಹ ಕಾಮಗಾರಿಗಳಲ್ಲಿ ಕೂಲಿಕಾರರನ್ನು ಚದುರಿಸಿ ನಿಲ್ಲಿಸುವುದು ಸುಲಭ.

ಭತ್ಯೆಯನ್ನು ಪಾವತಿಗೆ ಬಾಕಿಯಾದ ದಿನದಿಂದ 15 ದಿನಗಳೊಳಗೆ ನೀಡಬೇಕು. ಕೈಮೀರಿದ ಕಾರಣಕ್ಕೆ ಅದು ಸಾಧ್ಯವಾಗದಿದ್ದಲ್ಲಿ ಕಾರ್ಯಕ್ರಮ ಅಧಿಕಾರಿಯು ಜಿಲ್ಲಾ ಕಾರ್ಯಕ್ರಮ ಸಮನ್ವಯಾಧಿಕಾರಿಗೆ ವರದಿ ಮಾಡಿ, ಕಾರಣವನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು 8ನೇ ಪ್ರಕರಣ ವಿಧಿಸುತ್ತದೆ. ಅಂತಹ ಸೂಚನೆ ಗ್ರಾಮ ಪಂಚಾಯತಿ ಕಚೇರಿಯ ಫಲಕದಲ್ಲಿ ಇದೆಯೇ ಎಂದು ಸದಸ್ಯರು ನೋಡಬಹುದು, ಇಲ್ಲದಿದ್ದರೆ ಸಭೆಯಲ್ಲಿ ಕೇಳಬಹುದು.

ಕ್ವಾರಂಟೈನ್‌ನಲ್ಲಿರುವವರ ವಿಷಯವೂ ಇದೆ. ನೀಡಿದ ಕೆಲಸವನ್ನು ಒಪ್ಪದವರು, ತಿಳಿಸಿದ 15 ದಿನಗಳೊಳಗೆ ಹಾಜರಾಗದವರು, ಅನುಮತಿಯಿಲ್ಲದೆ ಒಂದು ವಾರಕ್ಕಿಂತ ಹೆಚ್ಚು ಸತತವಾಗಿ ಗೈರಾದವರು 3 ತಿಂಗಳ ಕಾಲ ಭತ್ಯೆಗೆ ಅರ್ಹರಾಗುವುದಿಲ್ಲ. ಕ್ವಾರಂಟೈನ್‌ನಿಂದಾಗಿ ಮನೆಯಲ್ಲೇ ಉಳಿಯಬೇಕಾದ ಕೂಲಿಕಾರರು ಈ ನಿಯಮಕ್ಕೆ ತಿಳಿಯದೆಯೇ ಸಿಲುಕಬಹುದು. ಕೆಲಸದಲ್ಲಿದ್ದವರು ಅನುಷ್ಠಾನ ಸಂಸ್ಥೆಗೆ ಕೂಡಲೇ ತಿಳಿಸಿ ಗೈರಿಗೆ ಅನುಮತಿ ಪಡೆಯಬೇಕು. ಅದು ಬರಹದಲ್ಲಿ ದಾಖಲಾಗುವಂತೆ ವಾರ್ಡಿನ ಸದಸ್ಯರು ನೋಡಿಕೊಳ್ಳಬೇಕು. ಹೊಸದಾಗಿ ಅರ್ಜಿ ಸಲ್ಲಿಸುವವರಾದರೆ ಕ್ವಾರಂಟೈನ್ ಮುಗಿಯುವ ಮರುದಿನದಿಂದ ಕೆಲಸ ಬೇಕೆಂದು ಮುಂಗಡವಾಗಿಯೇ ನಮೂನೆ-6 ನೀಡಬಹುದು. ಆಗ 15 ದಿನಗಳ ಎಣಿಕೆಯು ಅರ್ಜಿ ತಲುಪಿದ ದಿನ ಅಥವಾ ಕೆಲಸ ಕೋರಿದ ದಿನ, ಇವೆರಡರಲ್ಲಿ ತಡವಾದುದರಿಂದ ನಡೆಯುತ್ತದೆ.