ಗುಂಡಿಯೊಳಗೆ ಲೋಹ ಹುಡುಕುವ ಪಿನ್‌ಪಾಯಿಂಟರ್

ಪಿನ್‌ಪಾಯಿಂಟರ್ ಎಂಬುದು ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಲೋಹಶೋಧಕ. ದೊಡ್ಡ ಮೆಟಲ್ ಡಿಟೆಕ್ಟರ್ ಜಾಗವನ್ನು ತೋರಿಸಿದ ಮೇಲೆ, ಅಗೆದ ಗುಂಡಿಯಲ್ಲಿ ವಸ್ತು ನಿಖರವಾಗಿ ಎಲ್ಲಿದೆ ಎಂದು ಹೇಳುವುದು ಇದರ ಕೆಲಸ. ನೋಡಲು ಗಜ್ಜರಿಯಂತೆ ತುದಿಯತ್ತ ಕಿರಿದಾಗುವ ಈ ಸಾಧನವನ್ನು ಗ್ಯಾರೆಟ್, ಮೈನ್‌ಲ್ಯಾಬ್, ನೋಕ್ಟಾ ಮೊದಲಾದ ಕಂಪನಿಗಳು ತಯಾರಿಸುತ್ತವೆ.

ದೊಡ್ಡ ಡಿಟೆಕ್ಟರಿನ ತಟ್ಟೆ ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ಅಗಲ ಇರುತ್ತದೆ. ಅದು ಸದ್ದು ಮಾಡಿದರೆ ಲೋಹ ಆ ತಟ್ಟೆಯ ಕೆಳಗೆಲ್ಲೋ ಇದೆ ಎಂದಷ್ಟೇ ಅರ್ಥ. ಮಣ್ಣು ಮೆತ್ತಿದ ತೆಳು ಬೆಳ್ಳಿ ನಾಣ್ಯಕ್ಕೂ ಮಣ್ಣಿನ ಹೆಂಟೆಗೂ ಕಣ್ಣಿಗೆ ವ್ಯತ್ಯಾಸ ಕಾಣದು. ಅಂದಾಜಿನ ಮೇಲೆ ಸನಿಕೆ ಹಾಕಿದರೆ ನಾಣ್ಯಕ್ಕೇ ಗೀರು ಬೀಳಬಹುದು. ಗುಂಡಿಯೂ ಬೇಕಿಲ್ಲದೆ ದೊಡ್ಡದಾಗುತ್ತದೆ.

ಪಿನ್‌ಪಾಯಿಂಟರಿನ ತುದಿಯೊಳಗೆ ತಂತಿಯ ಸುರುಳಿ ಇದೆ. ಅದರಲ್ಲಿ ಹರಿಯುವ ವಿದ್ಯುತ್ತು ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಹತ್ತಿರ ಲೋಹವಿದ್ದರೆ ಅದರಲ್ಲಿ ಸುಳಿಪ್ರವಾಹ ಹುಟ್ಟಿ, ಆ ಕ್ಷೇತ್ರದಲ್ಲಿ ವ್ಯತ್ಯಾಸವಾಗುತ್ತದೆ. ಸಾಧನ ಅದನ್ನು ಗುರುತಿಸಿ ಬೀಪ್ ಎನ್ನುತ್ತದೆ ಅಥವಾ ಕೈಯಲ್ಲಿ ನಡುಗುತ್ತದೆ. ತುದಿ ವಸ್ತುವಿಗೆ ಸಮೀಪಿಸಿದಂತೆ ಸದ್ದು ಚುರುಕಾಗುತ್ತದೆ. ನಾಣ್ಯದಂಥ ಚಿಕ್ಕ ವಸ್ತುವನ್ನು ಅದು ಪತ್ತೆ ಹಚ್ಚುವುದು ಕೆಲವೇ ಸೆಂಟಿಮೀಟರ್ ದೂರದಿಂದ.

ಬಳಸುವ ಕ್ರಮ ಸರಳ. ಮೊದಲು ದೊಡ್ಡ ಡಿಟೆಕ್ಟರನ್ನು ಅಡ್ಡಕ್ಕೂ ಉದ್ದಕ್ಕೂ ಆಡಿಸಿ, ಸದ್ದು ಗಟ್ಟಿಯಾಗಿ ಬರುವ ಎರಡು ಗೆರೆಗಳು ಕೂಡುವ ಜಾಗವನ್ನು ಗುರುತಿಸಬೇಕು. ಹುಲ್ಲುನೆಲವಾದರೆ ಮೂರು ಬದಿ ಕೊಯ್ದು, ನಾಲ್ಕನೆಯ ಬದಿಯ ಬೇರು ಕಡಿಯದಂತೆ ಹುಲ್ಲಿನ ಹೆಂಟೆಯನ್ನು ಮಗುಚಬೇಕು. ಪಿನ್‌ಪಾಯಿಂಟರನ್ನು ಲೋಹದಿಂದ ದೂರ ಹಿಡಿದು ಚಾಲೂ ಮಾಡಿ, ಮೊದಲು ಆ ಹೆಂಟೆಯನ್ನು, ಆಮೇಲೆ ಗುಂಡಿಯ ತಳ ಮತ್ತು ಪಕ್ಕಗಳನ್ನು, ಕೊನೆಗೆ ತೆಗೆದ ಮಣ್ಣನ್ನು ಪರೀಕ್ಷಿಸಬೇಕು. ಮಣ್ಣನ್ನು ಬಟ್ಟೆಯ ಮೇಲೆ ಸುರಿದುಕೊಂಡರೆ ಗುಂಡಿ ಮುಚ್ಚುವುದು ಸುಲಭ.

ಕಬ್ಬಿಣಾಂಶ ಹೆಚ್ಚಿರುವ ಮಣ್ಣಿನಲ್ಲಿ ಲೋಹವಿಲ್ಲದೆಯೂ ಸಾಧನ ಸದ್ದು ಮಾಡುವುದುಂಟು. ಆಗ ತುದಿಯನ್ನು ಅದೇ ಮಣ್ಣಿಗೆ ತಾಗಿಸಿ ಮರುಹೊಂದಾಣಿಕೆ ಮಾಡಿದರೆ ಸುಳ್ಳು ಸದ್ದು ತಗ್ಗುತ್ತದೆ. ಬೆರಳಿನ ಉಂಗುರ, ಉಕ್ಕಿನ ಸನಿಕೆ, ಪಕ್ಕದಲ್ಲಿಟ್ಟ ಡಿಟೆಕ್ಟರ್ ಇವೂ ಗೊಂದಲ ಹುಟ್ಟಿಸುತ್ತವೆ. ಹಲವು ಮಾದರಿಗಳು ಲೋಹದ ಜಾತಿ ಹೇಳುವುದಿಲ್ಲ. ತುಕ್ಕು ಹಿಡಿದ ಮೊಳೆಗೂ ಚಿನ್ನದ ಚೂರಿಗೂ ಸದ್ದು ಒಂದೇ. ಸಾಧನವನ್ನೇ ಗುದ್ದಲಿಯಂತೆ ಬಳಸಿದರೆ ತುದಿ ಸವೆದು, ಒಳಗಿನ ಸುರುಳಿಗೆ ಏಟು ಬೀಳಬಹುದು.

ಹೀಗೆ ನೆಲದಲ್ಲಿ ಲೋಹ ಹುಡುಕುವ ಹವ್ಯಾಸ ಇಂಗ್ಲೆಂಡಿನಲ್ಲಿ ಚೆನ್ನಾಗಿ ಬೇರೂರಿದೆ. ಅಲ್ಲಿ ಹೊಲದ ಮಾಲೀಕರ ಒಪ್ಪಿಗೆ ಪಡೆದು ಹುಡುಕಬಹುದು. ಆದರೆ 1996ರ ನಿಧಿ ಕಾಯ್ದೆಯ ವ್ಯಾಪ್ತಿಗೆ ಬರುವ ವಸ್ತು ಸಿಕ್ಕರೆ 14 ದಿನಗಳೊಳಗೆ ಸಂಬಂಧಪಟ್ಟ ಅಧಿಕಾರಿಗೆ ತಿಳಿಸಬೇಕು. ಭಾರತದಲ್ಲಿ 1958ರ ಕಾಯ್ದೆಯಡಿ ಸಂರಕ್ಷಿತವಾದ ಪುರಾತತ್ವ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಹಂಪಿ, ಬಾದಾಮಿಗಳ ಸ್ಮಾರಕಗಳಿಗೂ ಇದು ಅನ್ವಯಿಸುತ್ತದೆ. ನಾಣ್ಯ ಯಾವ ಪದರದಲ್ಲಿ, ಯಾವುದರ ಜೊತೆ ಇತ್ತು ಎಂಬುದು ಇತಿಹಾಸಕಾರರಿಗೆ ನಾಣ್ಯದಷ್ಟೇ ಮುಖ್ಯ. ಒಮ್ಮೆ ಕಿತ್ತ ಮೇಲೆ ಆ ಮಾಹಿತಿಯನ್ನು ಯಾವ ಯಂತ್ರವೂ ಮರಳಿಸಲಾರದು.